ಯಾಣದ ಹಳ್ಳದಲ್ಲಿ ನ್ಯೂಟ್ ಸಿಗ್ತದಾ?

"ಮಾವ, ಸಾಕ್ಲಿಕ್ಕೆ ಒಂದು ನ್ಯೂಟ್ ಬೇಕಿತ್ತು. ಯಾಣದ ಹಳ್ಳದಲ್ಲಿ ಸಿಗ್ತದಾ, ಬೆಂಗಳೂರಿಂದಲೇ ತರ್ಬೇಕಾ?" ಅಂತ ಕುಮಟಾದಲ್ಲಿ ಒಂಬತ್ತನೇ ಕ್ಲಾಸು ಓದುತ್ತಿರುವ ಅಕ್ಕನ ಮಗ ಫೋನಿನಲ್ಲಿ ಕೇಳಿದ. ಪ್ರಶ್ನೆ ಸಣ್ಣದು, ಉತ್ತರ ಸ್ವಲ್ಪ ಉದ್ದ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ನ್ಯೂಟ್ ಅಂದರೆ ನೋಡೋಕೆ ನಮ್ಮ ಹಾವುರಾಣಿಯ ಥರ, ಆದರೆ ಕುಲದಲ್ಲಿ ಕಪ್ಪೆಯ ನೆಂಟ. ಹುರುಪೆ ಇಲ್ಲ, ಒದ್ದೆ ಚರ್ಮ, ನೀರಲ್ಲೂ ನೆಲದಲ್ಲೂ ಬದುಕು. ಯಾಣದಲ್ಲಿ ಇದು ಸಿಗೋದಿಲ್ಲ. ಯಾಣ ಬಿಡಿ, ಇಡೀ ಪಶ್ಚಿಮ ಘಟ್ಟದಲ್ಲೇ ಇಲ್ಲ. ಇಲ್ಲಿರುವ ಉಭಯವಾಸಿಗಳು ಎರಡೇ ಬಗೆ: ಒಂದು ಕಪ್ಪೆಗಳು, ಇನ್ನೊಂದು ಎರೆಹುಳದ ಹಾಗೆ ಕಾಣುವ, ಕಾಲಿಲ್ಲದ ಸಿಸಿಲಿಯನ್‌ಗಳು. ಭಾರತದ ನ್ಯೂಟ್‌ಗಳಿರುವುದು ಡಾರ್ಜಿಲಿಂಗ್, ಅರುಣಾಚಲ, ಮಣಿಪುರದ ತಂಪು ಬೆಟ್ಟಗಳಲ್ಲಿ. ಅವಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅವುಗಳ ಕುಲ 2019ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲೂ ಇದೆ. ಅಲ್ಲಿಂದ ಹಿಡಿದು ತಂದದ್ದನ್ನು ಯಾರಾದರೂ ಮಾರುತ್ತಿದ್ದರೆ ಅದು ಅಂಗಡಿಯಲ್ಲ, ಕಳ್ಳಸಾಗಣೆ.

ಹಾಗಾದರೆ ಬೆಂಗಳೂರು? ಅಕ್ವೇರಿಯಂ ವ್ಯಾಪಾರದಲ್ಲಿ ಹೆಚ್ಚಾಗಿ ಕೇಳಿಬರುವುದು ಆಕ್ಸಲಾಟಲ್, ಅಂದರೆ ನ್ಯೂಟ್‌ನ ದಾಯಾದಿ, ಮೆಕ್ಸಿಕೋದ ಸಾಲಮಾಂಡರ್. ಇದೂ ಸೈಟ್ಸ್ ಪಟ್ಟಿಯಲ್ಲಿದೆ. ತಿದ್ದುಪಡಿಯಾದ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಸಾಕುವವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆದ್ದರಿಂದ ನನ್ನ ಪ್ರಕಾರ ಅಂಗಡಿಯವನಿಗೆ ಮೊದಲು ಕೇಳಬೇಕಾದ್ದು "ಎಷ್ಟು ರೇಟು?" ಅಂತಲ್ಲ, "ಇದು ಹುಟ್ಟಿದ್ದೆಲ್ಲಿ?" ಅಂತ. ತೊಟ್ಟಿಯಲ್ಲೇ ಮರಿಯಾದದ್ದು ಅನ್ನೋದಕ್ಕೆ ದಾಖಲೆ ತೋರಿಸಿದರೆ ಮುಂದಿನ ಮಾತು. "ಅದೆಲ್ಲ ಯಾಕೆ ಸಾರ್, ತಗೊಂಡ್ಹೋಗಿ" ಅಂದರೆ ನಮಸ್ಕಾರ ಹೇಳಿ ಹೊರಡಿ. ಅಂಗಡಿ ಎಷ್ಟು ಹತ್ತಿರ ಅನ್ನೋದು ನಂಬಿಕೆಗೆ ಆಧಾರವಲ್ಲ.

ದಾಖಲೆ ಸರಿ ಇದ್ದರೆ ಪ್ರಾಣಿಯನ್ನು ನೋಡಿ. ಮೈ ತುಂಬಿಕೊಂಡಿರಬೇಕು, ಸೊಂಟದ ಮೂಳೆ ಎದ್ದು ಕಾಣಬಾರದು. ಚರ್ಮದ ಮೇಲೆ ಹುಣ್ಣು, ಹತ್ತಿಯಂಥ ಬಿಳಿ ಬೂಷ್ಟು ಇರಬಾರದು. ನಿಮ್ಮೆದುರೇ ಆಹಾರ ತಿನ್ನಬೇಕು. ಅದೇ ತೊಟ್ಟಿಯಲ್ಲಿ ಸತ್ತದ್ದು ತೇಲುತ್ತಿದ್ದರೆ ಉಳಿದವು ಚೆನ್ನಾಗಿ ಕಂಡರೂ ಬೇಡ.

ಇಷ್ಟೆಲ್ಲ ಯಾಕೆ ಅಂತೀರಾ? 2013ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸಾಲಮಾಂಡರ್‌ಗಳು ರಾಶಿ ರಾಶಿ ಸತ್ತದ್ದಕ್ಕೆ ಕಾರಣ ಚರ್ಮ ತಿನ್ನುವ ಒಂದು ಹೊಸ ಶಿಲೀಂಧ್ರ ಅಂತ ಗೊತ್ತಾಯಿತು. ಅದರ ಮೂಲ ಏಷ್ಯಾ. ಸಾಕುಪ್ರಾಣಿ ವ್ಯಾಪಾರದ ಜೊತೆ ಯೂರೋಪಿಗೆ ಹೋಗಿರಬೇಕು ಅನ್ನೋದು ವಿಜ್ಞಾನಿಗಳ ಅಂದಾಜು. ಹೆದರಿದ ಅಮೆರಿಕ 2016ರಲ್ಲಿ 201 ಜಾತಿಯ ಸಾಲಮಾಂಡರ್‌ಗಳ ಆಮದನ್ನೇ ನಿಲ್ಲಿಸಿತು. ಕಪ್ಪೆಗಳನ್ನು ಕಾಡುವ ಇದರ ಸೋದರ ಶಿಲೀಂಧ್ರ ನಮ್ಮ ಘಟ್ಟದಲ್ಲೂ ಪತ್ತೆಯಾಗಿದೆ. ಈಗ ಯೋಚಿಸಿ. ನ್ಯೂಟ್‌ಗೆ ತಂಪು ನೀರು ಬೇಕು, ಹೆಚ್ಚಿನವಕ್ಕೆ 20 ಡಿಗ್ರಿ ಆಸುಪಾಸು. ಕುಮಟಾದ ಏಪ್ರಿಲ್ ಸೆಕೆಗೆ ನಾವೇ ಬೆಂದುಹೋಗುತ್ತೇವೆ, ಅದರ ಪಾಡೇನು? ಸಾಕಿದರೆ ಹತ್ತು ವರ್ಷಕ್ಕೂ ಮೇಲೆ ಬದುಕುವ ಪ್ರಾಣಿ ಅದು. ಬೇಸರ ಬಂದವರು "ಪಾಪ, ಬದುಕಿಕೊಳ್ಳಲಿ" ಅಂತ ಹಳ್ಳಕ್ಕೆ ಬಿಡುತ್ತಾರೆ. ತೊಟ್ಟಿಯ ನೀರನ್ನು ತೋಟಕ್ಕೆ ಚೆಲ್ಲುತ್ತಾರೆ. ರೋಗಕ್ಕೆ ಅಷ್ಟು ದಾರಿ ಸಾಕು.

ಆ ಹಳ್ಳದಲ್ಲಿ ಏನಿದೆ ಗೊತ್ತಾ? ಹೊನ್ನಾವರದಿಂದ ಘಟ್ಟ ಹತ್ತಿದರೆ ಸಿಗುವ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ. ಗಂಡು ಕಪ್ಪೆ ತನ್ನ ಮುಂಗೈಯಿಂದ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಥೇಟ್ ಮಡಕೆ ಮಾಡುವವರ ಹಾಗೆ. ವಿಜ್ಞಾನ ಅದಕ್ಕೆ ಕನ್ನಡದ್ದೇ 'ಕುಂಬಾರ' ಅನ್ನೋ ಹೆಸರಿಟ್ಟದ್ದು 2014ರಲ್ಲಿ, ಅಂದರೆ ಮೊನ್ನೆ ಮೊನ್ನೆ! ಹೆಸರು ಸಿಗುವ ಮೊದಲೇ ಕಾಣೆಯಾಗಬಹುದಾದ ಜೀವಿಗಳು ಇನ್ನೆಷ್ಟಿವೆಯೋ.

ಪ್ರಾಣಿ ಸಾಕಿದರೆ ಮಕ್ಕಳಿಗೆ ಪ್ರೀತಿ ಬರುತ್ತದೆ ಅನ್ನೋ ವಾದ ನಾನೂ ಒಪ್ಪುತ್ತೇನೆ. ಅದಕ್ಕೆ ನಾಯಿ ಇದೆ, ಬೆಕ್ಕಿದೆ, ಕೊಟ್ಟಿಗೆಯಲ್ಲಿ ಕರುವಿದೆ. ಒದ್ದೆ ಚರ್ಮದ್ದೇ ಬೇಕು ಅಂತಿದ್ದರೆ, ಮಳೆಗಾಲದ ರಾತ್ರಿ ಹಿರಿಯರ ಜೊತೆ ಟಾರ್ಚ್ ಹಿಡಿದು ಅಡಿಕೆ ತೋಟದ ಬಸಿಗಾಲುವೆ ಪಕ್ಕ ಹತ್ತು ನಿಮಿಷ ನಿಂತರೆ ಸಾಕು. ಕೂಗು ಕೇಳಿ, ಫೋಟೋ ತೆಗೆಯಿರಿ, ಮುಟ್ಟದೇ ಬನ್ನಿ. ಯಾಣಕ್ಕೆ ಟ್ರೆಕ್ ಹೋಗಿ ಬಾಟಲಿಯಲ್ಲಿ ಗೊದಮೊಟ್ಟೆ ತುಂಬಿಕೊಂಡು ಬರುವವರಿಗೂ ಇದೇ ಮಾತು.

ಅಳಿಯನಿಗೆ ಇಷ್ಟನ್ನೂ ಓದೋಕೆ ಕಳಿಸುತ್ತೇನೆ, ಬೈದುಕೊಂಡರೂ ಪರವಾಗಿಲ್ಲ :) ಅಂದಹಾಗೆ, ನಿಮ್ಮ ಊರಿನಲ್ಲಿ ಬೇರೆ ಬೇರೆ ಕಪ್ಪೆಗಳಿಗೆ ಏನೇನು ಹೆಸರಿವೆ? ಅಜ್ಜ-ಅಜ್ಜಿಯರನ್ನು ಕೇಳಿ, ನೀವೂ ಬರೆಯಿರಿ. ಅವು ಕಳೆದುಹೋಗುವ ಮೊದಲು.