ಗಾಲಿಯ ಅಂದವೂ ದಾರಿಯ ನಿಜವೂ

ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿಯು ಸಲ್ಲುವ ಮೋಟಾರು ಗಾಡಿಗಳು ಒಂದು ಕಾಲಕ್ಕೆ ಸೈನ್ಯದವರಿಗೂ ಅರಣ್ಯ ಇಲಾಖೆಯವರಿಗೂ ಮಲೆನಾಡಿನ ತೋಟಗಾರರಿಗೂ ಮಾತ್ರ ಬೇಕಾದ ಸಾಧನಗಳಾಗಿದ್ದುವು. ಈಗ ಅವು ಪಟ್ಟಣಿಗರ ಪ್ರತಿಷ್ಠೆಯ ವಸ್ತುಗಳೂ ಆಗಿವೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಹಣವುಳ್ಳವರು ತಮಗೆ ಒಪ್ಪಿದ ಗಾಡಿಯನ್ನು ಕೊಂಡರೆ ಅದು ಅವರ ಇಷ್ಟ. ಆದರೆ ಗಾಡಿಯು ಕಾಡಿನಿಂದ ಪೇಟೆಗೆ ಬಂದೊಡನೆ ಅದರ ಪಾದರಕ್ಷೆಯೂ ಪೇಟೆಯ ರುಚಿಗೆ ತಕ್ಕಂತೆ ಮಾರ್ಪಡುತ್ತಿರುವುದನ್ನೂ, ಹಾಗೆ ಮಾರ್ಪಟ್ಟ ಗಾಡಿಯನ್ನೇ ‘ಎಲ್ಲಿಗೆ ಬೇಕಾದರೂ ಹೋಗಬಲ್ಲದು’ ಎಂಬ ಹೊಗಳಿಕೆಯೊಡನೆ ಮಾರುತ್ತಿರುವುದನ್ನೂ ಕಂಡು, ಈ ವಿಷಯದಲ್ಲಿ ಎರಡು ಮಾತು ಹೇಳುವುದು ಅವಶ್ಯವೆಂದು ನಾವು ತಿಳಿದಿದ್ದೇವೆ. ನಾವು ಹೇಳಹೊರಟಿರುವುದು ಲೋ ಪ್ರೊಫೈಲ್ ಟಯರುಗಳನ್ನು, ಎಂದರೆ ತಗ್ಗು ಪಕ್ಕೆಯ ಟಯರುಗಳನ್ನು ಕುರಿತು.

ಟಯರಿನ ಪಕ್ಕೆಯ ಎತ್ತರವನ್ನು ತಿಳಿಯುವುದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯವೇನೂ ಬೇಕಾಗಿಲ್ಲ. ಅದು ಟಯರಿನ ಮೇಲೆಯೇ ಅಚ್ಚಾಗಿರುತ್ತದೆ. 255/65 ಆರ್ 18 ಎಂದು ಬರೆದಿದ್ದರೆ, ಟಯರಿನ ಅಗಲವು 255 ಮಿಲಿಮೀಟರು, ಪಕ್ಕೆಯ ಎತ್ತರವು ಆ ಅಗಲದ ನೂರಕ್ಕೆ 65 ಪಾಲು, ಒಳಗಿನ ರಿಮ್ಮಿನ ವ್ಯಾಸವು 18 ಅಂಗುಲ ಎಂದು ಅರ್ಥ. ಗುಣಿಸಿ ನೋಡಿದರೆ ಪಕ್ಕೆಯ ಎತ್ತರವು ಸುಮಾರು 166 ಮಿಲಿಮೀಟರು ಎಂದಾಗುತ್ತದೆ. ಅದೇ ಗಾಡಿಗೆ 255/60 ಆರ್ 19 ಅಳತೆಯ ಟಯರನ್ನು ಹಾಕಿದರೆ ಗಾಲಿಯ ಒಟ್ಟು ಎತ್ತರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಲೋಹವು ಒಂದು ಅಂಗುಲ ಬೆಳೆದು, ರಬ್ಬರಿನ ಪಕ್ಕೆಯು 153 ಮಿಲಿಮೀಟರಿಗೆ ಇಳಿದಿರುತ್ತದೆ. ಮಧ್ಯದ ಸಂಖ್ಯೆಯು 50, 45, 40 ಎಂದು ಇಳಿದಂತೆಲ್ಲಾ ರಬ್ಬರು ಕುಗ್ಗಿ ಲೋಹವು ಹಿಗ್ಗುತ್ತದೆ. ಹೊಳೆಯುವ ಲೋಹವು ಹೆಚ್ಚಾಗಿ ಕಂಡಷ್ಟೂ ಗಾಡಿಯು ಷೋರೂಮಿನ ಗಾಜಿನೊಳಗೆ ಅಂದವಾಗಿ ಕಾಣುತ್ತದೆ. ದಾರಿಯ ಕಲ್ಲಿಗೆ ಈ ಅಂದವು ತಿಳಿಯುವುದಿಲ್ಲ.

ಟಯರಿನ ಕೆಲಸವೇನೆಂಬುದನ್ನು ಸ್ವಲ್ಪ ವಿಚಾರಿಸೋಣ. ಗಾಡಿಯ ಭಾರವನ್ನು ಹೊರುವುದು ಮುಖ್ಯವಾಗಿ ರಬ್ಬರಲ್ಲ, ಅದರೊಳಗೆ ಸೆರೆಯಾದ ಗಾಳಿ. ಗಾಲಿಯು ಚೂಪಾದ ಕಲ್ಲಿನ ಮೇಲೆ ಏರಿದಾಗ ಪಕ್ಕೆಯು ಬಾಗಿ, ಗಾಳಿಯು ಅಮುಕಲ್ಪಟ್ಟು, ಪೆಟ್ಟಿನ ಬಹುಭಾಗವನ್ನು ಅವೆರಡೂ ಸೇರಿ ನುಂಗಿಕೊಳ್ಳುತ್ತವೆ. ಹೀಗೆ ಬಾಗುವುದಕ್ಕೆ ಎಡೆ ಬೇಕು. ಎಡೆಯು ಸಾಲದಾದಾಗ ರಬ್ಬರು ಕಲ್ಲಿಗೂ ರಿಮ್ಮಿನ ಅಂಚಿಗೂ ನಡುವೆ ಸಿಕ್ಕಿ, ಅಡಕತ್ತರಿಗೆ ಸಿಕ್ಕ ಅಡಕೆಯಂತಾಗುತ್ತದೆ. ಹೊರಗೆ ಗಾಯವು ಕಾಣದಿದ್ದರೂ ಒಳಗಿನ ನೂಲಿನ ಎಳೆಗಳು ತುಂಡಾಗಿ, ಮರುದಿನವೋ ಮರುವಾರವೋ ಪಕ್ಕೆಯ ಮೇಲೆ ಗುಳ್ಳೆಯು ಏಳುತ್ತದೆ. ಅಂಥ ಟಯರು ವೇಗದಲ್ಲಿ ಯಾವ ಗಳಿಗೆಯಲ್ಲಿ ಸಿಡಿದೀತೆಂದು ಹೇಳುವಂತಿಲ್ಲ. ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ ರೇಡಿಯಲ್ ಟಯರಿನಲ್ಲಿ ಉಕ್ಕಿನ ಪಟ್ಟಿಗಳಿರುವುದು ನೆಲಕ್ಕೆ ತಗಲುವ ಭಾಗದ ಅಡಿಯಲ್ಲಿ ಮಾತ್ರ. ಪಕ್ಕೆಗೆ ಆ ಕವಚವಿಲ್ಲ. ಆದುದರಿಂದ ಪಕ್ಕೆಗೆ ಬಾಗುವ ಎಡೆಯೇ ರಕ್ಷಣೆ. ತಗ್ಗು ಪಕ್ಕೆಯ ಟಯರಿನ ರಬ್ಬರು ಕಳಪೆಯೆಂದು ನಾವು ಹೇಳುತ್ತಿಲ್ಲ. ಅದರ ರಬ್ಬರು ಉತ್ತಮವೇ ಆಗಿರಬಹುದು, ಪದರಗಳೂ ಬಲವಾಗಿರಬಹುದು. ಅದಕ್ಕೆ ಇಲ್ಲದಿರುವುದು ಬಾಗುವ ಅವಕಾಶ.

ಇನ್ನೊಂದು ಸಂಗತಿಯನ್ನು ಕಾಡುದಾರಿಯ ಡ್ರೈವರುಗಳೆಲ್ಲರೂ ಬಲ್ಲರು. ಕೆಸರಿನಲ್ಲಿಯೂ ಸಡಿಲವಾದ ಮರಳಿನಲ್ಲಿಯೂ ಗಾಲಿಯು ಹೂಳತೊಡಗಿದರೆ ಅವರು ಮೊದಲು ಮಾಡುವ ಕೆಲಸವೆಂದರೆ ಟಯರಿನ ಗಾಳಿಯನ್ನು ಇಳಿಸುವುದು. ಚದರಂಗುಲಕ್ಕೆ 32 ಪೌಂಡು ಇದ್ದದ್ದನ್ನು 20 ಪೌಂಡಿಗೆ ಇಳಿಸಿದಾಗ ಟಯರು ನೆಲದ ಮೇಲೆ ಉದ್ದವಾಗಿ ಹರಡಿಕೊಂಡು, ಒಂಟೆಯ ಪಾದದಂತೆ ಭಾರವನ್ನು ಹಂಚುತ್ತದೆ. ಕಲ್ಲುದಾರಿಯಲ್ಲಿಯೂ ಮೃದುವಾದ ಟಯರು ಕಲ್ಲನ್ನು ಅಪ್ಪಿ ದಾಟುತ್ತದೆ. ಗಟ್ಟಿಯಾದದ್ದು ಅದಕ್ಕೆ ಎದೆಯೊಡ್ಡಿ ಪೆಟ್ಟು ತಿನ್ನುತ್ತದೆ. ಈ ಉಪಾಯವು ಎತ್ತರದ ಪಕ್ಕೆಗೆ ಸಲ್ಲುವಷ್ಟು ತಗ್ಗು ಪಕ್ಕೆಗೆ ಸಲ್ಲುವುದಿಲ್ಲ. ಅದರ ಗಾಳಿಯನ್ನು ಇಳಿಸಿದೊಡನೆ ರಿಮ್ಮಿನ ಅಂಚು ನೆಲಕ್ಕೆ ಸಮೀಪವಾಗುತ್ತದೆ. ಇಳಿಸದಿದ್ದರೆ ಗಾಡಿಯು ಹೂಳುತ್ತದೆ. ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಹಂಚುವ ಯಂತ್ರಕ್ಕೆ ಹಣವನ್ನು ಸುರಿದು, ಆ ಶಕ್ತಿಯು ನೆಲವನ್ನು ಮುಟ್ಟುವ ಜಾಗದಲ್ಲಿಯೇ ಕೈಬಿಡುವುದು ಎಂಥ ವಿವೇಕವೋ ನಮಗೆ ತಿಳಿಯದು.

ಹಿಂದಿನದನ್ನೂ ಇಂದಿನದನ್ನೂ ಹೋಲಿಸಿ ನೋಡಿದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದು ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ 16 ಅಂಗುಲದ ರಿಮ್ಮೂ 6 ಅಂಗುಲ ಅಗಲದ ಟಯರೂ ಇದ್ದುವು; ಗಾಡಿಯ ತೂಕವು ಸುಮಾರು 1,100 ಕಿಲೋಗ್ರಾಂ ಮಾತ್ರ. 1970ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮೊದಲನೆಯ ರೇಂಜ್ ರೋವರ್ ಗಾಡಿಗೂ 16 ಅಂಗುಲದ ರಿಮ್ಮೇ ಇತ್ತು. ಅದೇ ಹೆಸರಿನ ಈಗಿನ ಗಾಡಿಯು ಎರಡು ಟನ್ನುಗಳನ್ನು ಮೀರಿದ ತೂಕದ್ದು. ಅದಕ್ಕೆ 285/40 ಆರ್ 23 ಅಳತೆಯ ಟಯರನ್ನೂ ಕೊಡುತ್ತಾರೆ, ಎಂದರೆ 114 ಮಿಲಿಮೀಟರಿನ ಪಕ್ಕೆ. ಜೀಪಿನ ತೂಕಕ್ಕೆ ಎರಡು ಪಟ್ಟು, ಜೀಪಿನ ಪಕ್ಕೆಗಿಂತ ಒಂದೂವರೆ ಅಂಗುಲ ಕಡಮೆ! ಡಿಫೆಂಡರ್ ಎಂಬ ಗಾಡಿಯಲ್ಲಿ 255/70 ಆರ್ 18 ಅಳತೆಯೂ ಉಂಟು, 275/45 ಆರ್ 22 ಅಳತೆಯೂ ಉಂಟು. ಮೊದಲನೆಯದರ ಪಕ್ಕೆಯು 178 ಮಿಲಿಮೀಟರು, ಎರಡನೆಯದರದು 124. ಗಾಲಿಯ ಒಟ್ಟು ಎತ್ತರವು ಹೆಚ್ಚುಕಡಮೆ ಒಂದೇ. ಕಲ್ಲಿಗೂ ಲೋಹಕ್ಕೂ ನಡುವೆ ಇರುವ ಅಂತರದಲ್ಲಿ ಮಾತ್ರ ಮೂರು ಬೆರಳಿನಷ್ಟು ವ್ಯತ್ಯಾಸ. ಕಾಡಿಗೆ ಹೋಗಬೇಕಾದವನಿಗೆ ಆ ಮೂರು ಬೆರಳೇ ಸರ್ವಸ್ವ.

ನಮ್ಮ ದೇಶದಲ್ಲಿ ತಯಾರಾಗುವ ಗಾಡಿಗಳು ಇಷ್ಟು ದೂರ ಹೋಗಿಲ್ಲವೆಂಬುದು ಸಂತೋಷದ ವಿಷಯ. 2023ರಲ್ಲಿ ಮಾರಾಟಕ್ಕೆ ಬಂದ ಮಾರುತಿ ಜಿಮ್ನಿಯು 195/80 ಆರ್ 15 ಅಳತೆಯ ಟಯರನ್ನು ತೊಟ್ಟಿದೆ. ಹಗುರವಾದ ಗಾಡಿಗೆ 156 ಮಿಲಿಮೀಟರಿನ ಪಕ್ಕೆಯು ಯೋಗ್ಯವಾದದ್ದೇ. ಆದರೆ 2020ರ ಮಹೀಂದ್ರ ಥಾರ್ ಗಾಡಿಯು 16 ಮತ್ತು 18 ಅಂಗುಲದ ರಿಮ್ಮುಗಳೊಡನೆ ಬಂದಿತು. 2024ರ ಥಾರ್ ರಾಕ್ಸ್‌ನ ಮೇಲ್ದರ್ಜೆಯ ಮಾದರಿಯಲ್ಲಿ ಅದು 19 ಅಂಗುಲಕ್ಕೆ ಏರಿತು. 60ರ ಸಂಖ್ಯೆಯ ಟಯರನ್ನು ತಗ್ಗು ಪಕ್ಕೆಯದೆಂದು ದೂರುವುದು ನ್ಯಾಯವಲ್ಲ. ನಾವು ದೂರುವುದೂ ಇಲ್ಲ. ಆದರೆ ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ಲೋಹವನ್ನೂ ಕಡಮೆ ರಬ್ಬರನ್ನೂ ಕೊಡುವ ಪದ್ಧತಿಯು ಬೇರೂರುವ ಮೊದಲೇ ಎಚ್ಚರಿಕೆಯ ಮಾತನ್ನು ಆಡುವುದು ಪತ್ರಿಕೆಯ ಕರ್ತವ್ಯ.

ತಗ್ಗು ಪಕ್ಕೆಯ ಟಯರಿನ ಪರವಾಗಿ ಹೇಳತಕ್ಕದ್ದು ಇಲ್ಲದೆ ಇಲ್ಲ. ಡಾಂಬರು ರಸ್ತೆಯ ತಿರುವುಗಳಲ್ಲಿ ಅದು ಹೊಯ್ದಾಡದೆ ಸ್ಟೀರಿಂಗಿನ ಆಜ್ಞೆಯನ್ನು ಒಡನೆಯೇ ಪಾಲಿಸುತ್ತದೆ. ಎಂಜಿನ್ನುಗಳ ಬಲವೂ ಗಾಡಿಗಳ ತೂಕವೂ ಹೆಚ್ಚಿದ್ದರಿಂದ ಬ್ರೇಕಿನ ಡಿಸ್ಕುಗಳೂ ದೊಡ್ಡವಾಗಿ, ಅವುಗಳ ಮೇಲೆ ಚಿಕ್ಕ ರಿಮ್ಮು ಕೂರಲಾರದ ಸಂದರ್ಭಗಳೂ ಉಂಟು. ಬೆಂಗಳೂರಿನಿಂದ ಮೈಸೂರಿಗೆ ಹೆದ್ದಾರಿಯಲ್ಲಿ ಹೋಗಿ ಬರುವವನಿಗೆ ಈ ಟಯರು ತಕ್ಕದ್ದೆಂದು ನಾವು ಒಪ್ಪುತ್ತೇವೆ. ಆದರೆ ಅಂಥವನಿಗೆ ಫೋರ್ ವ್ಹೀಲ್ ಡ್ರೈವ್ ಗಾಡಿಯ ಅವಶ್ಯಕತೆಯಾದರೂ ಏನು? ಊಟಕ್ಕಿಲ್ಲದ ಉಪ್ಪಿನಕಾಯಿಯೆಂಬಂತೆ, ದಾರಿಗಿಲ್ಲದ ಶಕ್ತಿಯನ್ನು ಹೊತ್ತು ತಿರುಗಿದ ಹಾಗಾಯಿತು.

ಗಾಯಗೊಂಡ ಟಯರಿನ ಗತಿಯನ್ನು ನೋಡೋಣ. ನೆಲಕ್ಕೆ ತಗಲುವ ಭಾಗದಲ್ಲಿ ಮೊಳೆ ಹೊಕ್ಕರೆ ಹಳ್ಳಿಯ ಪಂಚರಿನ ಅಂಗಡಿಯವನೂ ಹತ್ತು ನಿಮಿಷದಲ್ಲಿ ಸರಿಪಡಿಸಿಕೊಡುತ್ತಾನೆ. ಪಕ್ಕೆಯು ಸೀಳಿದರೆ ನಂಬತಕ್ಕ ರಿಪೇರಿಯೇ ಇಲ್ಲ, ಟಯರನ್ನೇ ಬದಲಾಯಿಸಬೇಕು. ಹಳೆಯ ಕಬ್ಬಿಣದ ರಿಮ್ಮು ಡೊಂಕಾದರೆ ಸುತ್ತಿಗೆಯಿಂದ ತಟ್ಟಿ ಊರು ಸೇರುವಷ್ಟಾದರೂ ನೆಟ್ಟಗೆ ಮಾಡಬಹುದು. ಅಲಾಯ್ ರಿಮ್ಮು ಬಿರುಕುಬಿಟ್ಟರೆ ಅದೂ ಸಾಧ್ಯವಿಲ್ಲ. ಹದಿನೈದು ಹದಿನಾರು ಅಂಗುಲದ ಟಯರು ತಾಲ್ಲೂಕಿನ ಪೇಟೆಯಲ್ಲಿ ಸಿಕ್ಕೀತು; ಇಪ್ಪತ್ತೆರಡು ಅಂಗುಲದ್ದನ್ನು ಎಲ್ಲಿಂದ ತರುವುದು?

ಇಂಥ ಹೊತ್ತಿನಲ್ಲಿ ಆಧಾರವಾಗಿ ನಿಲ್ಲತಕ್ಕದ್ದು ಸ್ಟೆಪ್ನಿಯೊಂದೇ. ಆದರೆ ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯದವರು 2020ರ ಜುಲೈ ತಿಂಗಳಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೂರೂವರೆ ಟನ್ನಿನೊಳಗಿನ ಪ್ರಯಾಣಿಕರ ಗಾಡಿಯಲ್ಲಿ ಟ್ಯೂಬಿಲ್ಲದ ಟಯರುಗಳೂ ಗಾಳಿಯ ಒತ್ತಡವನ್ನು ತಿಳಿಸುವ ಸಾಧನವೂ ಪಂಚರನ್ನು ಮುಚ್ಚುವ ಸಾಮಗ್ರಿಯೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ವಿಧಿಸಿದರು. ನಗರದ ಗಾಡಿಗಳ ಮಟ್ಟಿಗೆ ಈ ಸಡಿಲಿಕೆಯು ಸಾಧುವಾಗಿರಬಹುದು. ಕಾಡುದಾರಿಗೆಂದು ಮಾರುವ ಗಾಡಿಗೂ ಅದೇ ಸಡಿಲಿಕೆಯನ್ನು ಅನ್ವಯಿಸುವುದು ಹೇಗೆ? ಒತ್ತಡವನ್ನು ತಿಳಿಸುವ ಸಾಧನವು ಗಾಳಿ ಹೋಗುತ್ತಿದೆಯೆಂದು ಹೇಳೀತೇ ಹೊರತು ಹೋಗುವ ಗಾಳಿಯನ್ನು ತಡೆಯಲಾರದು. ಅಂಟು ದ್ರವವು ಮೊಳೆಯ ತೂತನ್ನು ಮುಚ್ಚೀತು. ಬೆರಳುದ್ದ ಸೀಳಿದ ಪಕ್ಕೆಯನ್ನು ಮುಚ್ಚಲಾರದು. ತಗ್ಗು ಪಕ್ಕೆಯ ಟಯರಿಗೆ ಸಂಭವಿಸುವ ಅಪಾಯವು ಯಾವುದೋ ಅದಕ್ಕೇ ಈ ಸಾಮಗ್ರಿಯು ನಿರುಪಯುಕ್ತವಾಗಿರುವುದು ವಿಪರ್ಯಾಸವಲ್ಲವೆ?

ಇದೆಲ್ಲವೂ ಶ್ರೀಮಂತರ ಚಿಂತೆ, ಸಾರ್ವಜನಿಕರಿಗೆ ಇದರಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ನಮ್ಮ ನಾಡಿನ ಭೂಮಿಯನ್ನು ಬಲ್ಲವರು ಹಾಗೆ ಕೇಳಲಾರರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಬಿದ್ದಾಗ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಕಡಿದುಹೋಯಿತು. ಅಂಥ ದಿನಗಳಲ್ಲಿ ಔಷಧವನ್ನೂ ಆಹಾರವನ್ನೂ ಒಯ್ಯಬೇಕಾದ್ದು, ಬಾಣಂತಿಯರನ್ನೂ ಮುದುಕರನ್ನೂ ಹೊತ್ತು ತರಬೇಕಾದ್ದು ಇಂಥ ಗಾಡಿಗಳೇ. ಚಾರ್ಮಾಡಿ, ಶಿರಾಡಿ, ಆಗುಂಬೆಗಳ ಆಚೀಚೆ ಡಾಂಬರು ಮುಗಿದ ಮೇಲೆಯೂ ಜನರ ಮನೆಗಳು ಮುಗಿಯುವುದಿಲ್ಲ. ಆಷಾಢದ ಮಳೆಯಲ್ಲಿ, ರಾತ್ರಿಯ ಹೊತ್ತಿನಲ್ಲಿ, ಫೋನು ತಲಪದ ಕಣಿವೆಯಲ್ಲಿ ಒಂದು ಟಯರಿನ ಪಕ್ಕೆಯು ಸೀಳಿತೆಂದರೆ ಅದು ಗಾಡಿಯ ಯಜಮಾನನೊಬ್ಬನ ನಷ್ಟವಲ್ಲ. ಒಳಗೆ ಮಲಗಿರುವ ರೋಗಿಯ ಪ್ರಾಣದ ಮಾತು. ಬೇಟೆಗಳ್ಳರನ್ನು ಹಿಂಬಾಲಿಸುವ ಅರಣ್ಯರಕ್ಷಕನ ಗಾಡಿಗೂ ಈ ಮಾತು ಸಲ್ಲುತ್ತದೆ.

ಸ್ವದೇಶಿಯೆಂದರೆ ಸ್ವದೇಶದಲ್ಲಿ ತಯಾರಾದದ್ದು ಎಂದಷ್ಟೇ ಅರ್ಥವಲ್ಲ. ಸ್ವದೇಶದ ನೆಲಕ್ಕೆ ಒಗ್ಗಿದ್ದು ಎಂದೂ ಅರ್ಥ. ಜರ್ಮನಿಯ ನಯವಾದ ಹೆದ್ದಾರಿಗೆ ಒಪ್ಪಿದ ಟಯರನ್ನು ಬಿಸಲೆಯ ಕಲ್ಲಿಗೆ ತಂದು ಕೂರಿಸುವುದು ಸ್ವಂತ ಬುದ್ಧಿಯ ಲಕ್ಷಣವಲ್ಲ. 2020ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರದವರು ಹಲವು ಬಗೆಯ ಹೊಸ ಟಯರುಗಳ ಆಮದನ್ನು ಪರವಾನಗಿಗೆ ಒಳಪಡಿಸಿದರು. ಮೈಸೂರಿನಲ್ಲಿಯೇ ವಿಕ್ರಾಂತ್ ಎಂಬ ಹೆಸರಿನಿಂದ ಸ್ಥಾಪಿತವಾಗಿ, 1997ರಲ್ಲಿ ಜೆ.ಕೆ. ಟಯರ್ ಸಂಸ್ಥೆಯವರ ಕೈಸೇರಿದ ಟಯರಿನ ಉದ್ಯಮವಿದೆ. ಸುಳ್ಯ, ಪುತ್ತೂರುಗಳ ಕಡೆ ರಬ್ಬರಿನ ತೋಟಗಳೂ ಇವೆ. ಹೀಗಿರುವಾಗ ನಮ್ಮ ಕಾರ್ಖಾನೆಗಳವರು ಹೊರದೇಶದ ಅಂದವನ್ನು ಅನುಕರಿಸುವುದಕ್ಕಿಂತ, ಬಲವಾದ ಪಕ್ಕೆಯ ಎತ್ತರದ ಟಯರನ್ನು ಎಲ್ಲಾ ಊರುಗಳಿಗೂ ಒದಗಿಸುವುದರಲ್ಲಿ ಶ್ರಮಿಸಿದರೆ ದೇಶಕ್ಕೂ ಅವರಿಗೂ ಲಾಭ.

ಗಾಡಿಯನ್ನು ಕೊಳ್ಳುವವರಿಗೆ ನಮ್ಮ ಸಲಹೆಯು ಸರಳವಾದದ್ದು. ಕಾಡಿಗೋ ತೋಟಕ್ಕೋ ನಿಜವಾಗಿ ಹೋಗಬೇಕಾದವರು, ತಮ್ಮ ಗಾಡಿಯ ಬ್ರೇಕಿನ ಮೇಲೆ ಕೂರುವ ಅತ್ಯಂತ ಚಿಕ್ಕ ರಿಮ್ಮು ಯಾವುದೆಂದು ಹಣ ಕೊಡುವ ಮೊದಲೇ ವಿಚಾರಿಸಿ ಅದನ್ನೇ ಕೇಳಿ ಪಡೆಯಲಿ. ಗಾಲಿಯ ಒಟ್ಟು ಎತ್ತರವು ಬದಲಾಗದಂತೆ ಟಯರನ್ನು ಆರಿಸಲಿ. ಅದು ಬದಲಾದರೆ ವೇಗವನ್ನು ತೋರಿಸುವ ಮುಳ್ಳು ಸುಳ್ಳು ಹೇಳುತ್ತದೆ, ಗಾಲಿಯು ತಿರುಗುವಾಗ ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ಹೊರಬೇಕಾದ ಭಾರಕ್ಕೆ ಟಯರು ತಕ್ಕದ್ದೇ ಎಂಬುದನ್ನೂ ಅದರ ಮೇಲಣ ಸಂಖ್ಯೆಯಿಂದ ತಿಳಿದುಕೊಳ್ಳಲಿ. ಕಾಡಿನಲ್ಲಿ ಗಾಳಿಯನ್ನು ಇಳಿಸಿದವರು ಡಾಂಬರಿಗೆ ಬಂದೊಡನೆ ಮತ್ತೆ ತುಂಬಲಿ. ಕಡಮೆ ಗಾಳಿಯಲ್ಲಿ ವೇಗವಾಗಿ ಓಡಿದ ಟಯರು ಬಿಸಿಯೇರಿ ಒಳಗೊಳಗೇ ಕೆಡುತ್ತದೆ.

ಸರ್ಕಾರದವರಲ್ಲಿ ನಮ್ಮ ಬಿನ್ನಹ ಎರಡು. ಪೊಲೀಸು, ಅರಣ್ಯ, ಆರೋಗ್ಯ, ಕಂದಾಯ ಇಲಾಖೆಗಳಿಗೆ ಇಂಥ ಗಾಡಿಗಳನ್ನು ಕೊಳ್ಳುವಾಗ ಟೆಂಡರಿನಲ್ಲಿ ಎಂಜಿನ್ನಿನ ಬಲವನ್ನು ನಮೂದಿಸುವಂತೆಯೇ ಟಯರಿನ ಪಕ್ಕೆಯ ಕನಿಷ್ಠ ಎತ್ತರವನ್ನೂ ಪೂರ್ಣ ಅಳತೆಯ ಸ್ಟೆಪ್ನಿಯನ್ನೂ ನಮೂದಿಸತಕ್ಕದ್ದು. ಕಾಗದದ ಮೇಲೆ ಒಂದು ಸಾಲು ಹೆಚ್ಚುವುದೇ ಹೊರತು ಬೊಕ್ಕಸಕ್ಕೆ ಇದರಿಂದ ಭಾರವಿಲ್ಲ; ಚಿಕ್ಕ ರಿಮ್ಮು ಸಾಮಾನ್ಯವಾಗಿ ಅಗ್ಗವೂ ಆಗಿರುತ್ತದೆ. ಎರಡನೆಯದಾಗಿ, 2020ರ ಸಡಿಲಿಕೆಯಿಂದ ಫೋರ್ ವ್ಹೀಲ್ ಡ್ರೈವ್ ಗಾಡಿಗಳನ್ನು ಹೊರಗಿಟ್ಟು, ಅವುಗಳಿಗೆ ಸ್ಟೆಪ್ನಿಯನ್ನು ಕಡ್ಡಾಯ ಮಾಡುವಂತೆ ರಾಜ್ಯದವರು ಕೇಂದ್ರದವರನ್ನು ಒತ್ತಾಯಿಸಬೇಕು. ಘಟ್ಟಗಳನ್ನೂ ಮಳೆಯನ್ನೂ ಉಳ್ಳ ನಾಡಿನ ಪ್ರತಿನಿಧಿಗಳು ಈ ಮಾತನ್ನು ಎತ್ತದಿದ್ದರೆ ಬೇರೆ ಯಾರು ಎತ್ತಬೇಕು?

ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬ ಮಾತನ್ನು ಎಲ್ಲರೂ ಬಲ್ಲರು. ಗುಡ್ಡ ಕುಸಿದ ರಾತ್ರಿಯಲ್ಲಿ ಟಯರಿನ ಅಳತೆಯನ್ನು ಚರ್ಚಿಸುವುದರಿಂದ ಪ್ರಯೋಜನವಿಲ್ಲ. ಮುಂಗಾರಿಗೆ ಮುಂಚೆಯೇ ಜಿಲ್ಲೆಯ ಅಧಿಕಾರಿಗಳು ತಂತಮ್ಮ ಇಲಾಖೆಯ ಗಾಡಿಗಳ ಬಳಿಗೆ ಹೋಗಿ, ಬಗ್ಗಿ, ಟಯರಿನ ಮೇಲಣ ಆ ಮಧ್ಯದ ಸಂಖ್ಯೆಯನ್ನು ಓದಿಕೊಳ್ಳಲಿ. ಸ್ಟೆಪ್ನಿಯು ಇರಬೇಕಾದ ಕಡೆ ಇದೆಯೇ ಎಂದು ಮುಟ್ಟಿ ನೋಡಲಿ.