ಗೋಧಿಯ ನಾಡಿನಡಿಯ ಕಡಲು

ಪಶ್ಚಿಮ ಕೆನಡಾದ ಬಯಲಿನಲ್ಲಿ ಇಂಪೀರಿಯಲ್ ಆಯಿಲ್ ಸಂಸ್ಥೆಯು ಎಣ್ಣೆಗಾಗಿ 133 ಬಾವಿಗಳನ್ನು ಕೊರೆಯಿಸಿ ಬರಿಗೈಯಾಗಿತ್ತು. ಕೊರೆಯುವ ತಂಡದ ಮುಖಂಡ ವರ್ನ್ ಹಂಟರನಿಗೆ 'ಒಣಬಾವಿ' ಎಂಬ ಅಡ್ಡಹೆಸರೇ ಅಂಟಿಕೊಂಡಿತ್ತು. 1946ರ ನವೆಂಬರಿನಲ್ಲಿ ಆಲ್ಬರ್ಟಾ ಪ್ರಾಂತದ ಲೆಡೂಕ್ ಬಳಿ, ಒಬ್ಬ ರೈತನ ಹೊಲದಲ್ಲಿ, ಆತ ಮತ್ತೊಂದು ಬಾವಿಗೆ ಕೈಹಾಕಿದನು. ಸಿಡಿಮದ್ದಿನ ಸದ್ದಿಗೆ ಭೂಗರ್ಭದಿಂದ ಮರಳಿದ ಪ್ರತಿಧ್ವನಿಯಲ್ಲಿ ಏನೋ ವಿಲಕ್ಷಣವಿದೆಯೆಂದು ತಜ್ಞರು ಸೂಚಿಸಿದ್ದ ಸ್ಥಳವದು.

ಆ ವಿಲಕ್ಷಣದ ಮೂಲ ಬಲು ಹಳೆಯದು. ಸುಮಾರು 37 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚನೆಯ ಕಡಲಿತ್ತು. ಹವಳ ಮೊದಲಾದ ಜೀವಿಗಳು ಅದರ ತಳದಲ್ಲಿ ಸುಣ್ಣದ ದಿಬ್ಬಗಳನ್ನು ಕಟ್ಟಿದವು. ಸುತ್ತಲಿನ ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಅವಶೇಷ ಹುದುಗಿತು. ಎಷ್ಟೋ ಕಾಲದ ಮೇಲೆ ಪಶ್ಚಿಮದಲ್ಲಿ ರಾಕಿ ಪರ್ವತಗಳು ತಲೆಯೆತ್ತಿದವು. ಹಗ್ಗದ ಮಂಚದ ಒಂದು ಬದಿಗೆ ಸ್ಥೂಲಕಾಯನೊಬ್ಬನು ಕುಳಿತರೆ ಮಗ್ಗುಲಿನ ಹೆಣಿಗೆಯೂ ಜಗ್ಗುವುದಷ್ಟೆ? ಪರ್ವತದ ಭಾರಕ್ಕೆ ಎದುರಿನ ನೆಲವೂ ಹಾಗೆಯೇ ಜಗ್ಗಿತು. ಬೆಟ್ಟದಿಂದ ಕೊಚ್ಚಿ ಬಂದ ಮಣ್ಣು ಆ ತಗ್ಗನ್ನು ತುಂಬಿತು. ಆಳಕ್ಕಿಳಿದ ಹಳೆಯ ಕೆಸರು ಭೂಮಿಯ ಕಾವಿನಲ್ಲಿ ಬೆಂದು ಎಣ್ಣೆಯನ್ನು ಬಿಟ್ಟಿತು. ಪದರಗಳ ಇಳಿಜಾರನ್ನು ಏರುತ್ತ ಪೂರ್ವಕ್ಕೆ ಸರಿದ ಎಣ್ಣೆ, ರಂಧ್ರಮಯವಾದ ದಿಬ್ಬಗಳು ಸಿಕ್ಕಲ್ಲಿ ತಂಗಿತು; ಮೇಲಿನ ಜೇಡಿಗಲ್ಲು ಮುಚ್ಚಳವಾಯಿತು. ತಡೆ ಸಿಕ್ಕದ ಎಣ್ಣೆಯಲ್ಲಿ ಬಹುಭಾಗ ಈಶಾನ್ಯದ ಅಥಾಬಾಸ್ಕಾ ಮರಳಿನವರೆಗೂ ಹೋಗಿ, ಹಗುರವಾದ ಅಂಶಗಳನ್ನು ಸೂಕ್ಷ್ಮಾಣುಗಳಿಗೆ ಒಪ್ಪಿಸಿ, ಟಾರಿನಂತಾಯಿತು.

ಲೆಡೂಕಿನ ಬಾವಿ 1500 ಮೀಟರಿಗೂ ಆಳಕ್ಕೆ ಇಳಿದಾಗ ಎಣ್ಣೆಯ ಕುರುಹು ಕಂಡಿತು. ಅದು ಯಾವ ದಿನ ಹೊಮ್ಮುವುದೆಂದು ಮೇಲಧಿಕಾರಿಗಳು ಕೇಳಿದರು. ಇಂಥ ಪ್ರಶ್ನೆಗೆ ಜೋಯಿಸರೂ ತಡವರಿಸಿಯಾರು! ಹಂಟರನು ಮನಸ್ಸಿಲ್ಲದ ಮನಸ್ಸಿನಿಂದ 1947ರ ಫೆಬ್ರುವರಿ 13 ಎಂದನು. ಆ ದಿನ ಕೊರೆಯುವ ಚಳಿಯಲ್ಲಿ ನೂರಾರು ಜನ ನೆರೆದರು. ಬೆಳಿಗ್ಗೆಯೇ ಯಂತ್ರ ಕೈಕೊಟ್ಟಿತು. ಕಾದು ಕಾದು ಕೆಲವರು ಮನೆಗೆ ಮರಳಿದರು. ಸಂಜೆ ನಾಲ್ಕರ ಸುಮಾರಿಗೆ ನೆಲ ಗುಡುಗಿತು, ಎಣ್ಣೆ ಉಕ್ಕಿತು. ಹೊತ್ತಿಸಿದ ಜ್ವಾಲೆಯಿಂದ ದೊಡ್ಡದೊಂದು ಹೊಗೆಯ ಉಂಗುರ ಆಕಾಶಕ್ಕೇರಿತು.

ಮೊದಲ ಬಾವಿ ಮುಟ್ಟಿದ್ದು ದಿಬ್ಬದ ಮೇಲಿನ ಪದರವನ್ನು ಮಾತ್ರ. ಅದೇ ಮೇ ತಿಂಗಳಲ್ಲಿ ಎರಡನೆಯ ಬಾವಿ ಹವಳದ ದಿಬ್ಬವನ್ನೇ ಹೊಕ್ಕಿತು. ಕಾರ್ಮಿಕರಿಗಾಗಿ ಕಟ್ಟಿದ ಊರಿಗೆ ಆ ಪುರಾತನ ಭೂವೈಜ್ಞಾನಿಕ ಯುಗವಾದ ಡೆವೋನಿಯನ್ನಿನಿಂದ ಡೆವನ್ ಎಂಬ ಹೆಸರಾಯಿತು. ಮೊದಲ ಬಾವಿ 1974ರವರೆಗೆ ಎಣ್ಣೆ ಕೊಟ್ಟಿತು. ಹೊಲದೊಡೆಯನಿಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ. ನೆಲ ಅವನದು, ನೆಲದಡಿಯ ಖನಿಜದ ಹಕ್ಕು ಬೇರೆಯವರದು.