ಸೆಕೆಯ ಸಾವು, ಮುಚ್ಚಿದ ಬಾಗಿಲು

ಪ್ರಕೃತಿವಿಕೋಪ ಸಂಭವಿಸಿದಾಗಲೆಲ್ಲ ‘ಎಲ್ಲವೂ ದೈವಚಿತ್ತ’ ಎಂದು ನಿಟ್ಟುಸಿರಿಟ್ಟು ಸುಮ್ಮನಾಗುವ ರೂಢಿ ನಮ್ಮ ಕುಟುಂಬಗಳಲ್ಲಿ ಇಂದಿಗೂ ಉಂಟು. ಸಂತ ತೋಮಸ್ ಅಕ್ವಿನಾಸರು ಇಷ್ಟಕ್ಕೇ ತೃಪ್ತರಾಗುತ್ತಿರಲಿಲ್ಲ. ದೇವರು ಆದಿಕಾರಣನಾಗಿದ್ದರೂ ಸೃಷ್ಟಿಯೊಳಗಿನ ದ್ವಿತೀಯ ಕಾರಣಗಳಿಗೂ ನಿಜವಾದ ಕಾರ್ಯಶಕ್ತಿಯನ್ನು ದಯಪಾಲಿಸಿದ್ದಾನೆ ಎಂಬುದು ಅವರ ಬೋಧನೆ. ಆದುದರಿಂದ ಬಿಸಿಲಿನಿಂದ ಜನ ಸತ್ತಾಗ ‘ಇವರೇ ಏಕೆ ಸತ್ತರು?’ ಎಂದು ಕೇಳುವುದು ಅವಿಶ್ವಾಸವಲ್ಲ.

ಹಾಗೆ ಕೇಳಿದವರಲ್ಲಿ ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಒಬ್ಬರು. 1995ರ ಜುಲೈಯಲ್ಲಿ ಅಮೆರಿಕದ ಷಿಕಾಗೊ ನಗರದ ಉಷ್ಣಾಂಶ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ರಾಯಚೂರಿನವರು ಇದನ್ನೋದಿ ನಕ್ಕಾರು, ಕರಾವಳಿಯವರು ನಗಲಾರರು. ಗಾಳಿಯಲ್ಲಿ ತೇವ ತುಂಬಿತ್ತು, ಬೆವರು ಆರಲಿಲ್ಲ, ರಾತ್ರಿಯೂ ತಂಪಾಗಲಿಲ್ಲ. ಒಂದೇ ವಾರದಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚು ಸತ್ತರು. ಅನೇಕರ ದೇಹಗಳು ಒಳಗಿನಿಂದ ಭದ್ರಪಡಿಸಿದ ಕೋಣೆಗಳಲ್ಲಿ ದೊರೆತವು. ಕೆಲವರ ಶವವನ್ನು ಕೇಳಿಕೊಂಡು ಬರುವವರೇ ಇರಲಿಲ್ಲ.

ಕ್ಲೈನೆನ್‌ಬರ್ಗ್ ಒಂದಕ್ಕೊಂದು ತಾಗಿರುವ ಎರಡು ಬಡಾವಣೆಗಳನ್ನು ಹೋಲಿಸಿದರು. ಉತ್ತರ ಲಾನ್‌ಡೇಲ್, ದಕ್ಷಿಣ ಲಾನ್‌ಡೇಲ್ ಎರಡರಲ್ಲಿಯೂ ಒಂಟಿ ವೃದ್ಧರು, ಬಡ ವೃದ್ಧರು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿದ್ದರು. ಆದರೆ ಉತ್ತರದಲ್ಲಿ ಲಕ್ಷಕ್ಕೆ 40 ಮಂದಿ ಸತ್ತರೆ ದಕ್ಷಿಣದಲ್ಲಿ ಸತ್ತವರು ಲಕ್ಷಕ್ಕೆ ನಾಲ್ವರೂ ಇಲ್ಲ. ಉತ್ತರದಲ್ಲಿ ಅಂಗಡಿಗಳು ಮುಚ್ಚಿ, ಮನೆಗಳು ಪಾಳುಬಿದ್ದು, ಹಿರಿಯರು ಬೀದಿಗಿಳಿಯಲು ಹೆದರುತ್ತಿದ್ದರು. ದಕ್ಷಿಣದ ಬೀದಿಗಳಲ್ಲಿ ಅಂಗಡಿಗಳ ಸಾಲು, ಜನರ ಓಡಾಟ. ಅಲ್ಲಿಯವರು ಬಹುಪಾಲು ಮೆಕ್ಸಿಕೊ ಮೂಲದವರು, ನಮ್ಮಂತೆಯೇ ಕಥೋಲಿಕರು. ಇದಕ್ಕಾಗಿ ನಾವು ಬೀಗಬೇಕಾಗಿಲ್ಲ. ಚರ್ಚುಗಳು ಉತ್ತರದಲ್ಲಿಯೂ ಇದ್ದವು. ಹಿರಿಯರು ಹೊಸ್ತಿಲು ದಾಟಿ ಬರುವಂಥ ಬೀದಿ ಇರಲಿಲ್ಲ. ವೈದ್ಯಕೀಯ ಸಂಶೋಧಕರೂ ಇದನ್ನೇ ಕಂಡರು: ಹಾಸಿಗೆ ಹಿಡಿದವರಿಗೆ, ಒಂಟಿಯಾಗಿರುವವರಿಗೆ, ದಿನಕ್ಕೊಮ್ಮೆಯೂ ಹೊರಗೆ ಬಾರದವರಿಗೆ ಅಪಾಯ ಹೆಚ್ಚು.

ನಮ್ಮ ದೇಶದಲ್ಲಿ ಈ ಪಾಠವನ್ನು ಮೊದಲು ಕಲಿತ ನಗರ ಅಹಮದಾಬಾದ್. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಬಿಸಿಲು ಬಿದ್ದು, 1,344 ಸಾವುಗಳು ಹೆಚ್ಚುವರಿಯಾಗಿ ಸಂಭವಿಸಿದವು. 2013ರಲ್ಲಿ ನಗರಪಾಲಿಕೆಯು ಸಂಶೋಧಕರ ನೆರವಿನಿಂದ ಬಿಸಿಲು ಎದುರಿಸುವ ಯೋಜನೆಯೊಂದನ್ನು ರೂಪಿಸಿತು. ಮುನ್ನೆಚ್ಚರಿಕೆ, ಕುಡಿಯುವ ನೀರು, ವೈದ್ಯರಿಗೆ ತರಬೇತಿ ಇವೆಲ್ಲ ಅದರಲ್ಲಿದ್ದವು. ಅಲ್ಲಿಯ ಶಾರದಾಬೆನ್ ಆಸ್ಪತ್ರೆಯ ಸಂಗತಿ ನಮ್ಮ ಮನಸ್ಸಿಗೆ ವಿಶೇಷವಾಗಿ ತಟ್ಟಿತು. ಹೆರಿಗೆ ವಾರ್ಡು ಮೇಲಂತಸ್ತಿನಲ್ಲಿ ಕಾದ ತಾರಸಿಯ ಕೆಳಗಿತ್ತು. ಅದನ್ನು ಕೆಳಗಿನ ಅಂತಸ್ತಿಗೆ ತಂದರು; ಬಿಸಿಲ ಬೇಗೆಯಿಂದ ತೀವ್ರ ನಿಗಾಘಟಕ ಸೇರುವ ಹಸುಳೆಗಳ ಸಂಖ್ಯೆ ತಗ್ಗಿತು.

ಹವಾಮಾನ ಇಲಾಖೆಯು ಬಯಲುಸೀಮೆಯಲ್ಲಿ 40 ಡಿಗ್ರಿ ದಾಟದೆ ಬಿಸಿಗಾಳಿ ಎಂದು ಪರಿಗಣಿಸುವುದಿಲ್ಲ. ಕರಾವಳಿಗೆ ಇಟ್ಟಿರುವ ಮಟ್ಟ 37. ನಮ್ಮ ಸೆಕೆಯ ಸ್ವಭಾವ ಅದಕ್ಕೆ ತಿಳಿದಿದೆ. ನಮಗೆ ತಿಳಿದಿದೆಯೇ? ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಕೆನಡದಲ್ಲಿ. ಇಲ್ಲಿ ವಿಶಾಲವಾದ ಮನೆ, ಬೀಗ ಹಾಕಿದ ಗೇಟು, ಒಳಗೆ ಎಂಬತ್ತರ ತಾಯಿಯೊಬ್ಬರೇ. ತಿಂಗಳಿಗೊಮ್ಮೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳಿಗೆ ಇಂಥ ಮನೆಗಳ ಪರಿಚಯವಿದೆ. ಇವರು ಬಡವರಲ್ಲವಾದ್ದರಿಂದ ವಿನ್ಸೆಂಟ್ ದೆ ಪೌಲ್ ಸಭೆಯ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಹೆಂಚಿನ ಮನೆ ಕೆಡವಿ ಕಟ್ಟಿದ ಕಾಂಕ್ರೀಟ್ ತಾರಸಿ ರಾತ್ರಿಯೆಲ್ಲ ಕಾವು ಕಾರುತ್ತದೆ.

ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪರಿಪತ್ರದಲ್ಲಿ ನಗರಜೀವನದ ಮಾತೂ ಬರುತ್ತದೆ. ಆಪ್ತ ನೆರೆಹೊರೆಯಿದ್ದರೆ ಉಸಿರುಗಟ್ಟಿಸುವ ಇಕ್ಕಟ್ಟಿನಲ್ಲಿಯೂ ಮನುಷ್ಯ ಘನತೆಯಿಂದ ಬಾಳಬಲ್ಲನೆಂದು ಅವರು ಬರೆದರು. ಆ ಪತ್ರವನ್ನು ಪರಿಸರ ದಿನದ ಸಸಿ ನೆಡುವುದಕ್ಕಷ್ಟೇ ಸೀಮಿತಗೊಳಿಸಿದ್ದು ನಮಗೆ ಸರಿಕಾಣುವುದಿಲ್ಲ.

ಪ್ರತಿ ಧರ್ಮಕೇಂದ್ರದಲ್ಲಿಯೂ ವಾರ್ಡುಗಳಿವೆ, ಗುರಿಕಾರರಿದ್ದಾರೆ, ಮದುವೆಯಿಲ್ಲದ ದಿನ ಖಾಲಿ ಬಿದ್ದಿರುವ ಸಭಾಭವನವಿದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಆ ಭವನವನ್ನು ನೆರಳಿಗೂ ನೀರಿಗೂ ತೆರೆದಿಡಲು ಖರ್ಚೇನೂ ಹೆಚ್ಚಲ್ಲ; ಜಾತಿಮತ ಕೇಳದೆ ತೆರೆಯಬೇಕು. ಒಂಟಿಯಾಗಿರುವವರ, ಹಾಸಿಗೆ ಹಿಡಿದವರ ಪಟ್ಟಿಯನ್ನು ಗುರಿಕಾರರು ಮಾರ್ಚ್ ಬರುವ ಮುನ್ನವೇ ವಿಚಾರಣಾ ಗುರುಗಳಿಗೆ ಒಪ್ಪಿಸಲಿ. ಸೆಕೆ ಏರಿದ ದಿನ ಮಧ್ಯಾಹ್ನ ಎರಡು ಗಂಟೆಗೆ ಯಾವ ಮನೆಯ ಬಾಗಿಲನ್ನು ಯಾರು ತಟ್ಟುವರೆಂಬುದೂ ಅದರಲ್ಲಿ ಹೆಸರು ಸಹಿತ ಬರೆದಿರಲಿ.